ಅಕ್ಷರಕ್ಕಾಗಿ ಹುಟ್ಟಿದ ಲೆನ್ಸು

(1/7)

"ಅಣ್ಣಾ, ಡಿಎಸ್ಎಲ್ಆರ್ ಅದ. ಕಡಿಮಿ ರೊಕ್ಕದಾಗ ಮ್ಯಾಕ್ರೋ ಲೆನ್ಸ್ ಯಾವ್ದು ತಗೋಬೇಕು?"

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಕಡೆಯಿಂದ ಈ ಪ್ರಶ್ನೆ ಪದೇ ಪದೇ ಬರ್ತದ. ಒಂದು ಹೆಸರು ಹೇಳಿ ಮುಗಿಸಬಹುದು. ಆದರ ಹಂಗ ಹೇಳಿದ್ರ ನಿಮ್ಮ ರೊಕ್ಕ ಹಾಳಾಗೋ ಸಾಧ್ಯತೆನೇ ಜಾಸ್ತಿ. ಅದಕ್ಕ ನಾನೇ ಒಂದು ಪ್ರಶ್ನೆ ತಿರುಗಿ ಕೇಳ್ತೀನಿ: ನೀವು ಹತ್ರ ಹೋಗಬೇಕಾಗಿರೋದು ಯಾತರ ಹತ್ರ?

ಮ್ಯಾಕ್ರೋ ಅಂದಕೂಡಲೇ ನಮಗೆಲ್ಲ ಕಣ್ಣ ಮುಂದೆ ಬರೋದು ನೊಣದ ಕಣ್ಣು, ಚಿಟ್ಟೆಯ ರೆಕ್ಕೆ. ಆದರೆ ಜಗತ್ತಿನ ಅತಿ ಹೆಸರುವಾಸಿ ಮ್ಯಾಕ್ರೋ ಲೆನ್ಸುಗಳಲ್ಲಿ ಒಂದು ಹುಟ್ಟಿದ್ದು ಹುಳಕ್ಕಾಗಿ ಅಲ್ಲ, ಅಕ್ಷರಕ್ಕಾಗಿ. ಅಕ್ಷರದ ವಿಷಯಕ್ಕೆ ಬಂದರೆ ನಮ್ಮ ಈ ಐದೂರುಗಳ ನೆಲ ಬಡದೇನಲ್ಲ. ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ಮಾನ್ಯಖೇಟ. ನೃಪತುಂಗನ ಆಸ್ಥಾನದಲ್ಲಿ ಕವಿರಾಜಮಾರ್ಗ ಹುಟ್ಟಿದ ಕಾಲಕ್ಕೂ ಸಾವಿರ ವರ್ಷ ಮೊದಲೇ, ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ ಕಲ್ಲಿನ ಮೇಲೆ ಅಕ್ಷರ ಬಿದ್ದಿತ್ತು.

ಈ ಸರಣಿ ಏಳು ಭಾಗ. ಮೊದಲ ನಾಲ್ಕು ಇತಿಹಾಸ, ಉಳಿದದ್ದು ಲೆನ್ಸು ಮತ್ತು ಲೆಕ್ಕ. ಇತಿಹಾಸ ಬಿಟ್ಟು ಸೀದಾ ಲೆನ್ಸಿಗೆ ಹೋಗಬ್ಯಾಡ್ರಿ. ಅದರಾಗೇ ನಿಮ್ಮ ರೊಕ್ಕ ಉಳಿಸೋ ಉತ್ತರ ಅದ.

(2/7)

ಸನ್ನತಿ ಭೀಮಾ ನದಿ ದಂಡಿಯ ಊರು. ಚಂದ್ರಲಾಂಬಾ ದೇವಿಯ ದರ್ಶನಕ್ಕೆ ನಿಮ್ಮಲ್ಲಿ ಭಾಳ ಮಂದಿ ಹೋಗಿರ್ತೀರಿ. 1986ರಲ್ಲಿ ಆ ಗುಡಿ ಆವರಣದ ಕಾಳಿ ಗುಡಿಯ ಮಾಳಿಗೆ ಕುಸಿಯಿತು. ಮೂರ್ತಿಯನ್ನು ನಿಲ್ಲಿಸಿದ್ದ ಪೀಠದ ಕಲ್ಲು ಹೊರಗೆ ಬಂತು. ಆ ಕಲ್ಲಿನ ಎರಡೂ ಮುಖದ ಮೇಲೆ ಬ್ರಾಹ್ಮಿ ಅಕ್ಷರ, ಪ್ರಾಕೃತ ಭಾಷೆ. ಅದು ಅಶೋಕನ ಶಾಸನ: 12ನೆಯದು, 14ನೆಯದು, ಜೊತೆಗೆ ಎರಡು ಪ್ರತ್ಯೇಕ ಶಾಸನಗಳು. ಈ ಪ್ರತ್ಯೇಕ ಶಾಸನಗಳು ಅಲ್ಲಿಯ ತನಕ ಸಿಕ್ಕಿದ್ದು ಕಳಿಂಗದ ಧೌಲಿ ಮತ್ತು ಜೌಗಡದಲ್ಲಿ ಮಾತ್ರ.

ಆದರೆ ಕಲ್ಲಿನ ನಡುವೆ ಒಂದು ಚೌಕ ತೂತು. ಯಾವುದೋ ಕಾಲದಲ್ಲಿ ಯಾರೋ ಮೂರ್ತಿ ಕೂಡಿಸಲಿಕ್ಕೆ ಕೊರೆದದ್ದು. ಅವರನ್ನ ಬೈಯೋದ್ರಾಗ ಅರ್ಥ ಇಲ್ಲ. ಆ ಲಿಪಿ ಓದೋರು ಯಾರೂ ಉಳಿದಿರಲಿಲ್ಲ, ಅವರ ಪಾಲಿಗೆ ಅದೊಂದು ಗಟ್ಟಿ ಚಪ್ಪಡಿ ಅಷ್ಟೇ. ತೂತಿನ ಜಾಗದಲ್ಲಿದ್ದ ಅಕ್ಷರ ಮಾತ್ರ ಹೋಗೇ ಹೋಯಿತು.

ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಭಾರತೀಯ ಪುರಾತತ್ವ ಇಲಾಖೆ ದೊಡ್ಡ ಬೌದ್ಧ ಸ್ತೂಪವನ್ನು ಅಗೆದು ತೆಗೆಯಿತು. ಅಲ್ಲಿಯ ಒಂದು ಕೆತ್ತನೆಯಲ್ಲಿ ರಾಜನೊಬ್ಬ ನಿಂತಿದ್ದಾನೆ, ಆ ಕೆತ್ತನೆಯ ಮೇಲೆ ಸಣ್ಣ ಬ್ರಾಹ್ಮಿ ಅಕ್ಷರದಲ್ಲಿ ಅಶೋಕರಾಜ ಎಂಬ ಹೆಸರು. ಆ ನಾಲ್ಕಾರು ಅಕ್ಷರ ಇಲ್ಲದಿದ್ದರೆ ಅವನು ಹೆಸರಿಲ್ಲದ ಒಬ್ಬ ರಾಜ. ಸಣ್ಣ ಅಕ್ಷರದ ಬೆಲೆ ಏನು ಅಂತ ಇದಕ್ಕಿಂತ ಚೆಂದಾಗಿ ಹೇಳಲಿಕ್ಕೆ ನನಗ ಬರೂದಿಲ್ಲ.

ಸ್ತೂಪದ ಕಲ್ಲು ಯಾವುದು ಗೊತ್ತೇನ್ರಿ? ನಮ್ಮ ಕಡೆಯದೇ ಸುಣ್ಣಕಲ್ಲು. ಶಹಾಬಾದದಲ್ಲಿ ಫರಸಿಯಾಗುವ, ವಾಡಿ ಮತ್ತು ಸೇಡಂನಲ್ಲಿ ಸಿಮೆಂಟಾಗುವ ಸುಣ್ಣಕಲ್ಲಿನ ಬಳಗದ್ದೇ. ಕಣ ನಯ, ಕೆತ್ತನೆಗೆ ಒಳ್ಳೆಯದು. ಪದರು ಪದರಾಗಿ ಏಳೋದೂ ಅದರ ಗುಣ. ಮೇಲಿನ ಪದರು ಎದ್ದರೆ ಅಕ್ಷರವೂ ಅದರ ಜೊತೆಗೆ ಹೋಗ್ತದ.

(3/7)

ಕ್ಯಾಮೆರಾ ಇಲ್ಲದ ಕಾಲದಲ್ಲಿ ಶಾಸನದ ನಕಲು ಹೆಂಗ ಮಾಡ್ತಿದ್ರು? ಮೊದಲು ಕಣ್ಣಿಂದ ನೋಡಿ ಕೈಯಿಂದ ಬರೆದುಕೊಳ್ಳೋದು. ಬರೆಯುವವನಿಗೆ ಲಿಪಿ ಬರದಿದ್ದರೆ ಗೀರನ್ನೂ ಅಕ್ಷರ ಮಾಡಿಬಿಡ್ತಿದ್ದ, ಅಕ್ಷರವನ್ನೂ ಗೀರು ಮಾಡಿಬಿಡ್ತಿದ್ದ.

ಆಮೇಲೆ ಬಂದದ್ದು ಅಚ್ಚು ತೆಗೆಯುವ ಪದ್ಧತಿ. ಕಲ್ಲನ್ನು ತೊಳೆದು, ಒದ್ದೆ ಕಾಗದ ಹಚ್ಚಿ, ಬ್ರಷ್‌ನಿಂದ ಬಡಿದು ಅಕ್ಷರದ ತಗ್ಗಿಗೆ ಇಳಿಸಿ, ಮೇಲೆ ಮಸಿ ಒತ್ತೋದು. ಉಬ್ಬಿದ್ದು ಕಪ್ಪಾಗ್ತದ, ಅಕ್ಷರ ಬೆಳ್ಳಗ ಉಳೀತದ. ಇಂದಿಗೂ ಶಾಸನತಜ್ಞರು ಇದನ್ನೇ ನಂಬೋದು. ಒಂದು ಮಾತು ಗಮನಿಸಿ: ಆ ಅಚ್ಚಿನಲ್ಲಿ ಅಕ್ಷರ ಕಲ್ಲಿನ ಮೇಲೆ ಎಷ್ಟಿದೆಯೋ ಅಷ್ಟೇ ಇರ್ತದೆ. ಮ್ಯಾಕ್ರೋ ಲೆನ್ಸಿನ ಡಬ್ಬಿ ಮೇಲೆ ಬರೆದಿರೋ 1:1 ಅಂದರೂ ಅದೇ, ವಸ್ತು ಎಷ್ಟೋ ಬಿಂಬವೂ ಅಷ್ಟು.

ಕ್ಯಾಮೆರಾ ಬಂದದ್ದು 1850ರ ದಶಕದಲ್ಲಿ. ಬಿಗ್ಸ್, ಪಿಗೌ, ನೀಲ್ ಎಂಬ ಮೂವರು ಧಾರವಾಡ ಮತ್ತು ಮೈಸೂರು ಕಡೆಯ ಗುಡಿಗಳ ಫೋಟೋ ತೆಗೆದರು. 1866ರಲ್ಲಿ ಅವು ಲಂಡನ್ನಿನಲ್ಲಿ ಪುಸ್ತಕವಾದವು. ಅದಕ್ಕೆ ಇತಿಹಾಸದ ಭಾಗ ಬರೆದವರು ಮೆಡೋಸ್ ಟೇಲರ್, ನಮ್ಮ ಪಕ್ಕದ ಸುರಪುರದಲ್ಲಿ ಆಡಳಿತ ನಡೆಸಿದ ಅದೇ ಟೇಲರ್ ಸಾಹೇಬರು. ಆದರೂ ಪುಸ್ತಕ ಧಾರವಾಡ-ಮೈಸೂರಿನದು, ನಮ್ಮ ಕಡೆಯದಲ್ಲ. ಮುಂದೆ ಬಿ.ಎಲ್. ರೈಸ್ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳನ್ನು ತಂದಾಗಲೂ ಅದು ಮೈಸೂರು ಸೀಮೆ ಮತ್ತು ಕೊಡಗಿನ ಕೆಲಸವಾಗಿತ್ತು. ನಾವು ನಿಜಾಮರ ರಾಜ್ಯದಲ್ಲಿದ್ದೆವು. ಹೈದರಾಬಾದಿನಲ್ಲಿ ಪುರಾತತ್ವ ಇಲಾಖೆ ಶುರುವಾದದ್ದೇ 1914ರಲ್ಲಿ. ನಮ್ಮ ಕಲ್ಲುಗಳ ಹತ್ರ ಕಾಗದ ಮತ್ತು ಕ್ಯಾಮೆರಾ ಎರಡೂ ತಡವಾಗಿ ಬಂದವು.

(4/7)

ಈಗ ಜಪಾನಿಗೆ ಹೋಗೋಣ. ಶಾಸನಕ್ಕೂ ಜಪಾನಿಗೂ ಏನು ಸಂಬಂಧ ಅಂತೀರೇನು? ಅದ, ಕೇಳ್ರಿ.

1950ರ ದಶಕದಲ್ಲಿ ಪುಸ್ತಕ, ದಾಖಲೆಗಳನ್ನು ಮೈಕ್ರೋಫಿಲ್ಮಿಗೆ ಇಳಿಸುವ ಕೆಲಸ ಎಲ್ಲೆಡೆ ನಡೆದಿತ್ತು. ಇಪ್ಪತ್ತಾರು ಅಕ್ಷರದ ಇಂಗ್ಲಿಷ್ ಪುಟಕ್ಕೆ ಆಗಿನ ಲೆನ್ಸು ಸಾಕಾಗ್ತಿತ್ತು. ಜಪಾನಿನ ಕಾಂಜಿ ಲಿಪಿಗೆ ಸಾಕಾಗಲಿಲ್ಲ. ಒಂದೊಂದು ಅಕ್ಷರದಲ್ಲಿ ಹತ್ತು, ಹದಿನೈದು, ಇಪ್ಪತ್ತು ಗೆರೆ. ಸಣ್ಣದಾಗಿ ಇಳಿಸಿದರೆ ಗೆರೆಗಳೆಲ್ಲ ಕೂಡಿ ಮಸಿಯ ಮುದ್ದೆ. ಆಗ ನಿಪ್ಪಾನ್ ಕೊಗಾಕು ಕಂಪನಿ (ಇಂದಿನ ನಿಕಾನ್) ವಾಕಿಮೋಟೊ ಝೆಂಜಿ ಎಂಬ ವಿನ್ಯಾಸಕಾರರ ಕೈಯಿಂದ ಹತ್ತಿರದ ಕೆಲಸಕ್ಕೇ ಒಂದು ಲೆನ್ಸು ಮಾಡಿಸಿತು. 1956ರಲ್ಲಿ ಹೊರಬಂದ ಮೈಕ್ರೋ-ನಿಕ್ಕೋರ್ 5 ಸೆಂಟಿಮೀಟರ್ ಎಫ್/3.5 ಅದು. ನಿಕಾನ್ ಇಂದಿಗೂ ತನ್ನ ಮ್ಯಾಕ್ರೋ ಲೆನ್ಸಿಗೆ 'ಮೈಕ್ರೋ' ಅನ್ನೋದು ಆ ಕಾಲದಿಂದ ಬಂದ ಹೆಸರು.

ಅದಕ್ಕೂ ಒಂದು ವರ್ಷ ಮೊದಲು, 1955ರಲ್ಲಿ, ಯುರೋಪಿನಲ್ಲಿ ಹೈಂಜ್ ಕಿಲ್ಫಿಟ್ ಎಂಬವರ ಮಾಕ್ರೋ-ಕಿಲಾರ್ ಬಂದಿತ್ತು. 35 ಎಂಎಂ ಎಸ್ಎಲ್ಆರ್ ಕ್ಯಾಮೆರಾದ ಮೊದಲ ಮ್ಯಾಕ್ರೋ ಲೆನ್ಸು ಅಂತ ಅದನ್ನೇ ಕರೀತಾರ. ನಿಕಾನ್ ಎಫ್ ಎಸ್ಎಲ್ಆರ್‌ಗೆ 55 ಎಂಎಂ ಎಫ್/3.5 ಬಂತು. 1979ರಲ್ಲಿ ಟ್ಯಾಮ್ರಾನ್ ಕಂಪನಿಯ 90 ಎಂಎಂ ಎಫ್/2.5 ಬಂತು, ಅರ್ಧ ಗಾತ್ರದ ತನಕ ಹೋಗುವಂಥದ್ದು. ಸ್ವಲ್ಪ ದೂರ ನಿಂತು ತೆಗೆಯಬಲ್ಲ ಈ 90-100ರ ಜಾತಿಯೇ ಹುಳ-ಹೂವಿನವರ ಲೆನ್ಸಾಯಿತು.

ಅಂದ್ರ ಮ್ಯಾಕ್ರೋದಾಗ ಎರಡು ಮನೆತನ. 50ರ ಸುತ್ತಲಿನದು ಅಕ್ಷರದ ಮನೆತನ, 100ರ ಸುತ್ತಲಿನದು ಜೀವದ ಮನೆತನ. ಇಷ್ಟು ತಿಳಿದರೆ ಅರ್ಧ ಉತ್ತರ ಸಿಕ್ಕಂಗ.

ಇನ್ನೊಂದು ಮಾತು. ಕನಗನಹಳ್ಳಿಯ ಶಾಸನಗಳನ್ನೆಲ್ಲ ಕೂಡಿಸಿದ ಸಂಪುಟವನ್ನು 2014ರಲ್ಲಿ ಪ್ರಕಟಿಸಿದ್ದು ಜಪಾನಿನ ಸೋಕಾ ವಿಶ್ವವಿದ್ಯಾಲಯ.

(5/7)

ಮೊದಲು ಅಕ್ಷರದ ಲೆಕ್ಕ. ನಿಮ್ಮ ಕ್ಯಾಮೆರಾ ಸಾಮಾನ್ಯ ಎಪಿಎಸ್-ಸಿ ಡಿಎಸ್ಎಲ್ಆರ್ ಆದರೆ ಅದರ ಸೆನ್ಸರ್ ಅಗಲ ಸುಮಾರು 23 ಮಿಲಿಮೀಟರ್. 1:1ರಲ್ಲಿ ಫ್ರೇಮಿನೊಳಗೆ ಹಿಡಿಯೋದು 23 ಮಿಮೀ ಜಾಗ ಅಷ್ಟೇ. ಕಲ್ಲಿನ ಒಂದು ಅಕ್ಷರಕ್ಕೇ ಅದು ತುಂಬಿಹೋಗಬಹುದು. ಒಂದು ಪದ ಓದಬೇಕಂದ್ರ 6-7 ಸೆಂಟಿಮೀಟರ್ ಬೇಕು, ಅಂದರೆ ಮೂರನೇ ಒಂದು ಭಾಗದ ಗಾತ್ರ, 1:3.

ಈಗ ಮಜಾ ನೋಡ್ರಿ. ಕ್ಯಾಮೆರಾದ ಜೊತೆಗೇ ಬಂದ 18-55 ಕಿಟ್ ಲೆನ್ಸು 55ಕ್ಕೆ ಇಟ್ಟು ಪೂರ್ತಿ ಹತ್ರ ಹೋದ್ರ ಹೆಚ್ಚುಕಮ್ಮಿ 1:3 ಕೊಡ್ತದ! ಅಂದ್ರ ಶಾಸನಕ್ಕೆ, ನಾಣ್ಯಕ್ಕೆ, ಮನೆಯ ಹಳೆಯ ಕಾಗದಪತ್ರಕ್ಕೆ ನೀವು ಒಂದು ರೂಪಾಯಿನೂ ಖರ್ಚು ಮಾಡಬೇಕಾಗಿಲ್ಲ. ಎಫ್/8 ಇಡ್ರಿ, ಕ್ಯಾಮೆರಾ ಕಲ್ಲಿಗೆ ಸಮಾನಾಂತರ ಇಡ್ರಿ, ಎರಡು ಸೆಕೆಂಡ್ ಟೈಮರ್ ಹಾಕ್ರಿ.

ಇನ್ನೂ ಹತ್ರ ಬೇಕಾದರೆ ಎಕ್ಸ್‌ಟೆನ್ಷನ್ ಟ್ಯೂಬ್. ಇದು ಗಾಜಿಲ್ಲದ ಬರೀ ಕೊಳವೆ, ಹಳೇ ಕ್ಯಾಮೆರಾದ ತಿದಿಯ ಮೊಮ್ಮಗ. ಲೆನ್ಸು ಸೆನ್ಸರಿನಿಂದ ದೂರ ಸರಿದಷ್ಟೂ ಬಿಂಬ ದೊಡ್ಡದು. ಲೆಕ್ಕ ಸರಳ: ಕೊಳವೆಯ ಉದ್ದವನ್ನು ಲೆನ್ಸಿನ ಎಂಎಂನಿಂದ ಭಾಗಿಸ್ರಿ. 50 ಎಂಎಂ ಲೆನ್ಸಿಗೆ 25 ಮಿಮೀ ಕೊಳವೆ ಹಾಕಿದರೆ ಅರ್ಧ ಗಾತ್ರ ಹೆಚ್ಚಾಯಿತು. ಎಲ್ಲಕ್ಕಿಂತ ಅಗ್ಗದ ಕೊಳವೆಗೆ ವಿದ್ಯುತ್ ಸಂಪರ್ಕ ಇರೋದಿಲ್ಲ, ಆಟೋಫೋಕಸ್ಸೂ ಇಲ್ಲ, ಅಪರ್ಚರ್ ಬದಲಿಸಲಿಕ್ಕೂ ಬರೋದಿಲ್ಲ. ಸ್ವಲ್ಪ ಹೆಚ್ಚು ಕೊಟ್ಟು ಸಂಪರ್ಕ ಇರೋದನ್ನೇ ತಗೊಳ್ರಿ.

ರಿವರ್ಸ್ ರಿಂಗ್ ಇನ್ನೂ ಅಗ್ಗ. ಲೆನ್ಸನ್ನು ಹಿಂದುಮುಂದಾಗಿ ಕೂಡಿಸೋದು. ಆದರೆ ಲೆನ್ಸಿನ ಹಿಂಭಾಗ ಬಯಲಿಗೆ ಬರ್ತದ, ನಮ್ಮ ಕಡೆ ಧೂಳಂತೂ ನಿಮಗ ಗೊತ್ತೇ ಅದ. ಮನಿಯೊಳಗ ಕಲೀಲಿಕ್ಕ ಚಲೋ, ಹೊಲದಾಗ ಬ್ಯಾಡ.

ಸೆಕೆಂಡ್ ಹ್ಯಾಂಡ್‌ನಲ್ಲಿ ಹಳೆಯ 55 ಎಂಎಂ ಮೈಕ್ರೋ-ನಿಕ್ಕೋರ್ ಸಿಕ್ಕರೆ ಬಿಡಬ್ಯಾಡ್ರಿ. ಕೈಯಿಂದಲೇ ಫೋಕಸ್, ಕಲ್ಲಿಗೆ ಅಷ್ಟು ಸಾಕು. ನಿಕಾನ್ ಡಿ3000, ಡಿ5000 ಸಾಲಿನ ಬಾಡಿಯಲ್ಲಿ ಬೆಳಕಿನ ಮೀಟರ್ ಕೆಲಸ ಮಾಡೋದಿಲ್ಲ, ಎರಡು ಸಲ ತೆಗೆದು ನೋಡಿ ಸರಿ ಮಾಡ್ಕೋಬೇಕು. 1977ಕ್ಕಿಂತ ಹಳೆಯ, ತಿದ್ದದ ನಾನ್-ಎಐ ಲೆನ್ಸನ್ನು ಡಿ7000 ಸಾಲಿನ ಬಾಡಿಗೆ ಒತ್ತಿ ಕೂಡಿಸಬ್ಯಾಡ್ರಿ, ಬಾಡಿಗೆ ಪೆಟ್ಟು. ಕ್ಯಾನನ್‌ನವರು ಒಂದು ಅಡಾಪ್ಟರ್ ಉಂಗುರ ಹಾಕಿ ಇದೇ ಲೆನ್ಸನ್ನು ಬಳಸಬಹುದು.

(6/7)

ಇನ್ನು ಜೀವದ ಮನೆತನ. ಮಿರಗದ ಮಳಿ ಬಿದ್ದ ಕೂಡಲೇ ಹೊಲದಾಗ ಬರೋ ಮಖಮಲ್ಲಿನಂಥ ಕೆಂಪು ಹುಳ, ತೊಗರಿಯ ಕಾಯಿಕೊರಕ, ಚಿಂಚೋಳಿ ಕಾಡಿನ ಜೇಡ. ಇವು ಕಲ್ಲಿನಂಗ ನಿಂದ್ರೋದಿಲ್ಲ. ಇಲ್ಲಿ ಬೇಕಾದದ್ದು ದೂರ. 1:1ಕ್ಕೆ ಹೋದಾಗ 40 ಎಂಎಂ ಲೆನ್ಸಿನ ಮೂತಿಗೂ ಹುಳಕ್ಕೂ ನಡುವೆ ಎರಡು ಬೆರಳಷ್ಟೇ ಜಾಗ, ಲೆನ್ಸಿನ ನೆರಳೇ ಹುಳದ ಮೇಲೆ ಬೀಳ್ತದ. 60 ಎಂಎಂ ಪರವಾಗಿಲ್ಲ. 90-100 ಎಂಎಂ ಆದರೆ ನೆಮ್ಮದಿ.

ಅತಿ ಅಗ್ಗದ ದಾರಿ: ನಿಮ್ಮ ಹತ್ರ 55-200 ಅಥವಾ 55-250 ಜೂಮ್ ಇದ್ದರೆ ಅದರ ಮುಂದೆ ಕ್ಲೋಸಪ್ ಲೆನ್ಸು. ನಾಲ್ಕರ ಸೆಟ್ ಅಂತ ಮಾರೋ ಒಂಟಿ ಗಾಜಿನವು ಅಂಚಿನಲ್ಲಿ ಮಸುಕು. ಒಂದಕ್ಕಿಂತ ಹೆಚ್ಚು ಗಾಜು ಕೂಡಿಸಿ ಮಾಡಿದ್ದು, ಉದಾಹರಣೆಗೆ ರೇನಾಕ್ಸ್ ಡಿಸಿಆರ್-250, ಚಲೋ. ಅದರ ಶಕ್ತಿ 8 ಡಯಾಪ್ಟರ್. 1000ವನ್ನು 8ರಿಂದ ಭಾಗಿಸಿದರೆ 125. ಅಂದರೆ ಹುಳದಿಂದ ಸುಮಾರು 12 ಸೆಂಟಿಮೀಟರ್ ದೂರ ನಿಂತೇ ತೆಗೀಬಹುದು, 200 ಎಂಎಂಗೆ ಜೂಮ್ ಮಾಡಿದರೆ 1:1ಕ್ಕಿಂತಲೂ ದೊಡ್ಡ ಬಿಂಬ. ಹೊಸ ಮ್ಯಾಕ್ರೋ ಲೆನ್ಸಿನ ಬೆಲೆಯ ಒಂದು ಸಣ್ಣ ಪಾಲಿನಲ್ಲಿ ಕೆಲಸ ಆಗ್ತದ.

ನಿಜವಾದ ಮ್ಯಾಕ್ರೋನೇ ಬೇಕಂದ್ರ ಸೆಕೆಂಡ್ ಹ್ಯಾಂಡ್ ಹುಡುಕ್ರಿ: ಟ್ಯಾಮ್ರಾನ್ 90 ಎಫ್/2.8, ಟೋಕಿನಾ 100 ಎಫ್/2.8, ಕ್ಯಾನನ್ 100 ಎಫ್/2.8ರ ಎಲ್ ಅಲ್ಲದ್ದು. ನಿಕಾನ್ ಡಿ3000, ಡಿ5000 ಸಾಲಿನವರು ಒಂದು ಮಾತು ಕೇಳೇ ಕೇಳ್ರಿ: ಲೆನ್ಸಿನೊಳಗೆ ಮೋಟಾರ್ ಅದನೋ ಇಲ್ಲೋ? ನಿಮ್ಮ ಬಾಡಿಯೊಳಗೆ ಮೋಟಾರ್ ಇಲ್ಲ.

ವಾಡಿಯಲ್ಲಿ ರೈಲು ಹತ್ತಿ ಹೈದರಾಬಾದಿಗೆ ಹೋಗಿ ಕೊಳ್ಳೋದಾದ್ರ ನಿಮ್ಮ ಬಾಡಿ ಸಂಗಡ ಒಯ್ಯಿರಿ. ಟಾರ್ಚ್ ಹಚ್ಚಿ ಲೆನ್ಸಿನೊಳಗೆ ಬೂಷ್ಟು ನೋಡ್ರಿ, ಜೇಡರ ಬಲೆಯಂಥ ಎಳೆ ಕಂಡರೆ ವಾಪಸ್ ಕೊಡ್ರಿ. ಅಪರ್ಚರ್ ಎಲೆಗಳ ಮೇಲೆ ಎಣ್ಣೆ ಇರಬಾರದು. ಫೋಕಸ್ ಹತ್ತಿರದ ತುದಿಯಿಂದ ದೂರದ ತುದಿ ತನಕ ಒಂದೇ ಸಮ ತಿರುಗಬೇಕು.

(7/7)

ಕೊನೆಗೆ ಲೆನ್ಸಿಗಿಂತ ದೊಡ್ಡದು: ಬೆಳಕು. ನಡುಮಧ್ಯಾಹ್ನ ಸವೆದ ಅಕ್ಷರ ಕಾಣೋದೇ ಇಲ್ಲ. ಬೆಳಿಗ್ಗೆ ಅಥವಾ ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಒಂದೊಂದು ಗೆರೆಯೂ ನೆರಳು ಹಿಡಿದು ಎದ್ದು ನಿಲ್ತದ. ಗುಡಿಯೊಳಗಾದರೆ ಸಣ್ಣ ಟಾರ್ಚನ್ನು ಪಕ್ಕದಿಂದ ಹಿಡೀರಿ. ನಾಲ್ಕು ದಿಕ್ಕಿನಿಂದ ಬೆಳಕು ಬಿಟ್ಟು ನಾಲ್ಕು ಫೋಟೋ. ಒಂದರಲ್ಲಿ ಕಾಣದ್ದು ಇನ್ನೊಂದರಲ್ಲಿ ಕಾಣ್ತದ.

ಅಕ್ಷರ ಚೆಂದ ಕಾಣಲಿ ಅಂತ ಸುಣ್ಣ, ಚಾಕು, ಎಣ್ಣೆ, ಹಿಟ್ಟು ಏನೂ ಹಚ್ಚಬ್ಯಾಡ್ರಿ. ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು ಒಂದು ಫೋಟೋ, ಇಡೀ ಕಲ್ಲಿನದೊಂದು, ಕಲ್ಲು ನಿಂತ ಜಾಗದ್ದೊಂದು ತೆಗೀರಿ. ತಾರೀಖು, ಊರು ಬರೆದಿಡ್ರಿ. ಸಂರಕ್ಷಿತ ಸ್ಮಾರಕದಲ್ಲಿ ಟ್ರೈಪಾಡ್‌ಗೆ, ಚಿಂಚೋಳಿ ವನ್ಯಧಾಮದೊಳಗೆ ಹೋಗಲಿಕ್ಕೆ, ಮೊದಲೇ ಅನುಮತಿ ಕೇಳ್ರಿ.

ಇದೆಲ್ಲ ಯಾಕ? ನಮ್ಮ ಹೊಲದ ಬದುವಿನಲ್ಲಿ, ಹನುಮಪ್ಪನ ಗುಡಿಯ ಮುಂದೆ, ಹಳೇ ಬಾವಿಯ ಮೆಟ್ಟಿಲಲ್ಲಿ ಅಕ್ಷರ ಇರೋ ಕಲ್ಲು ಇನ್ನೂ ಅದಾವ. ರಸ್ತೆ ಅಗಲ ಆದಾಗ, ಗುಡಿಗೆ ಹೊಸ ಬಣ್ಣ ಬಂದಾಗ, ಮೇಲಿನ ಪದರು ಎದ್ದಾಗ ಅವು ಹೋಗ್ತಾವ. ನೀವು ಕಿಟ್ ಲೆನ್ಸಿನಲ್ಲಿ ತೆಗೆದ ಒಂದು ಸ್ಪಷ್ಟ ಫೋಟೋ ನಾಳೆ ಓದುವವನ ಪಾಲಿಗೆ ಉಳಿದ ಒಂದೇ ನಕಲು ಆಗಿರಬಹುದು.

ಸನ್ನತಿಯ ಕಲ್ಲಿನ ಮೇಲಿರೋ 14ನೇ ಶಾಸನದಲ್ಲಿ ಅಶೋಕ ಒಂದು ಮಾತು ಒಪ್ಪಿಕೊಳ್ತಾನ. ಬರೆಸಿದ್ದರಲ್ಲಿ ಕೆಲವು ಅಪೂರ್ಣ ಇರಬಹುದು, ಲಿಪಿಕಾರನ ತಪ್ಪಿನಿಂದಲೂ ಹಂಗ ಆಗಿರಬಹುದು ಅಂತ. ಅದೇ ಕಲ್ಲಿನ ನಡುವೆ ಮುಂದೊಂದು ದಿನ ತೂತು ಬೀಳ್ತದ ಅಂತ ಅವನಿಗೆ ಗೊತ್ತಿರಲಿಲ್ಲ. ನಮಗ ಗೊತ್ತದ.

ಈ ವಾರ ಹೊಸ ಲೆನ್ಸು ಕೊಳ್ಳಬ್ಯಾಡ್ರಿ. ಇದ್ದ ಕಿಟ್ ಲೆನ್ಸು ತಗೊಂಡು ನಿಮ್ಮೂರ ಒಂದು ಕಲ್ಲಿನ ಹತ್ರ ಸಂಜಿ ಐದಕ್ಕೆ ಹೋಗ್ರಿ. ಏನು ಸಾಲಲಿಲ್ಲ ಅನ್ನೋದು ಅಲ್ಲಿ ತಿಳೀತದ. ಆಮೇಲೆ ಕೇಳ್ರಿ, ಯಾವ ಲೆನ್ಸು ಅಂತ ಹೇಳ್ತೀನಿ.

#ಸನ್ನತಿ #ಕನಗನಹಳ್ಳಿ #ಮಳಖೇಡ #ಶಹಾಬಾದಕಲ್ಲು #ಮ್ಯಾಕ್ರೋಫೋಟೋ #ನಮ್ಮಕಲಬುರಗಿ