ವೃಂದಗಾನಕ್ಕೆ ಮುಂಚಿನ ‘ಚಾಂಟ್’: ಡೊನಾಲ್ಡ್ ಬರ್ಡ್ ಅವರ 1961ರ ಧ್ವನಿಮುದ್ರಣ ಮತ್ತು ಅದರ ವಿನೈಲ್ ಮರುಮುದ್ರಣ

ಡ್ಯೂಕ್ ಪಿಯರ್ಸನ್ ರಚಿಸಿದ ‘ಚಾಂಟ್’ ಎಂದೊಡನೆ ಜಾಝ್ ಕೇಳುಗರಿಗೆ ನೆನಪಾಗುವುದು ಟ್ರಂಪೆಟ್ ವಾದಕ ಡೊನಾಲ್ಡ್ ಬರ್ಡ್ ಅವರ ‘ಎ ನ್ಯೂ ಪರ್ಸ್‌ಪೆಕ್ಟಿವ್’. 1963ರ ಜನವರಿಯಲ್ಲಿ ಮುದ್ರಣಗೊಂಡ ಆ ಆಲ್ಬಮ್ಮಿನಲ್ಲಿ ವಾದ್ಯಗಳೊಡನೆ ಗಾಯಕವೃಂದವೂ ಇದೆ. ಬರ್ಡ್ ಅವರ ತಂದೆ ಮೆಥಡಿಸ್ಟ್ ಪಾದ್ರಿ. ಹಾಗಾಗಿ ಈ ರಚನೆಯ ಪ್ರಾರ್ಥನಾಭಾವವೆಲ್ಲ ವೃಂದಗಾನದ ಪ್ರಯೋಗದಿಂದಲೇ ಬಂತೆಂದು ತೀರ್ಮಾನಿಸುವುದು ಸುಲಭ. ಆದರೆ ಬರ್ಡ್ ಇದನ್ನು 1961ರ ಏಪ್ರಿಲ್ 17ರಂದೇ, ಯಾವ ಕಂಠವೂ ಇಲ್ಲದೆ, ಐವರ ತಂಡದಲ್ಲಿ ನುಡಿಸಿದ್ದರು. ಆ ಟೇಪು 1979ರವರೆಗೆ ಬ್ಲೂ ನೋಟ್ ಸಂಸ್ಥೆಯ ಭಂಡಾರದಲ್ಲೇ ಉಳಿಯಿತು. ಮೊದಲು ಹುಟ್ಟಿದ ರೂಪ ಕೇಳುಗರಿಗೆ ಎರಡನೆಯದಾಗಿ ದಕ್ಕಿತು.

ನ್ಯೂಜೆರ್ಸಿಯ ಎಂಗಲ್‌ವುಡ್ ಕ್ಲಿಫ್ಸ್‌ನಲ್ಲಿದ್ದ ರೂಡಿ ವ್ಯಾನ್ ಗೆಲ್ಡರ್ ಅವರ ಸ್ಟುಡಿಯೋದಲ್ಲಿ ಅಂದು ಬರ್ಡ್ ಜೊತೆಗಿದ್ದವರು ಬ್ಯಾರಿಟೋನ್ ಸ್ಯಾಕ್ಸೊಫೋನಿನ ಪೆಪ್ಪರ್ ಆಡಮ್ಸ್, ಪಿಯಾನೊದಲ್ಲಿ ಹರ್ಬಿ ಹ್ಯಾನ್‌ಕಾಕ್, ಬಾಸ್‌ನಲ್ಲಿ ಡಗ್ ವಾಟ್‌ಕಿನ್ಸ್, ಡ್ರಮ್ಸ್‌ನಲ್ಲಿ ಟೆಡ್ಡಿ ರಾಬಿನ್ಸನ್. ಹ್ಯಾನ್‌ಕಾಕ್ 21 ತುಂಬಿ ಐದೇ ದಿನಗಳಾಗಿದ್ದವು. ಅವರ ಹೆಸರಿನ ಮೊದಲ ಆಲ್ಬಮ್ ‘ಟೇಕಿನ್ ಆಫ್’ ಮುದ್ರಣವಾದದ್ದು ಮರುವರ್ಷ. ವಾಟ್‌ಕಿನ್ಸ್ 1962ರ ಫೆಬ್ರವರಿಯಲ್ಲಿ ಅರಿಜೋನಾದ ಕಾರು ಅಪಘಾತದಲ್ಲಿ, 27ರ ಹರೆಯದಲ್ಲೇ ತೀರಿಕೊಂಡರು.

ಎರಡೂ ರೂಪಗಳಲ್ಲಿ ಪಿಯಾನೊ ಹ್ಯಾನ್‌ಕಾಕ್ ಅವರದೇ ಆದ್ದರಿಂದ ಹೋಲಿಕೆಗೆ ಗಟ್ಟಿ ನೆಲೆಯಿದೆ. 1963ರಲ್ಲಿ ಕಂಠಗಳು ಹೊರುವ ಭಾರವನ್ನು 1961ರಲ್ಲಿ ಟ್ರಂಪೆಟ್ ಮತ್ತು ಬ್ಯಾರಿಟೋನ್ ಹಂಚಿಕೊಳ್ಳುತ್ತವೆ. ಬರ್ಡ್ ಅವರ ಹೊಳಪಿನ ನಾದದ ಕೆಳಗೆ ಆಡಮ್ಸ್ ಅವರ ಒರಟು ಮಂದ್ರ. 1958ರಿಂದ ಜೊತೆಯಾಗಿ ನುಡಿಸುತ್ತಿದ್ದ ಈ ಇಬ್ಬರ ಹೊಂದಾಣಿಕೆಯಲ್ಲೇ ಪ್ರಾರ್ಥನೆಯ ಗಾಂಭೀರ್ಯ ಸಿದ್ಧವಾಗಿತ್ತು; ವೃಂದ ಅದನ್ನು ಹಿಗ್ಗಿಸಿತು ಎನ್ನುವುದು ನನ್ನ ವಾದ. 1961ರ ಆ ಮುದ್ರಣದ ‘ಚಾಂಟ್’ ಆಲ್ಬಮ್ಮಿನ ಎಲ್ಲವೂ ಈ ಮಟ್ಟದ್ದಲ್ಲ: ‘ಐಯಾಮ್ ಆನ್ ಓಲ್ಡ್ ಕೌಹ್ಯಾಂಡ್’ ಹಾಡನ್ನು ಸಾನಿ ರೋಲಿನ್ಸ್ 1957ರಲ್ಲಿ ನುಡಿಸಿದ್ದನ್ನು ಬಲ್ಲವರಿಗೆ ಇಲ್ಲಿನದು ಅಷ್ಟೇನೂ ಅಗತ್ಯವೆನ್ನಿಸದು.

1979ರಲ್ಲಿ ಬ್ಲೂ ನೋಟ್‌ನ ಎಲ್‌ಟಿ ಸರಣಿಯಲ್ಲಿ ಈ ಆಲ್ಬಮ್ ಹೊರಬಂದಾಗ, ಅದರ ಹಾರ್ಡ್ ಬಾಪ್ ಶೈಲಿ ಮಾರುಕಟ್ಟೆಯ ಮಾತಾಗಿ ಉಳಿದಿರಲಿಲ್ಲ. ಬರ್ಡ್ ಸ್ವತಃ ‘ಬ್ಲ್ಯಾಕ್ ಬರ್ಡ್’ (1973) ಮೂಲಕ ಫಂಕ್ ಕಡೆಗೆ ಹೊರಳಿ ಭಾರಿ ಜನಪ್ರಿಯತೆ ಗಳಿಸಿದ್ದರು. ಈ ತಟ್ಟೆ ಮೂಲೆಗುಂಪಾಗಲು ಗುಣದ ಕೊರತೆಗಿಂತ ಹೊತ್ತು ತಪ್ಪಿದ್ದೇ ಕಾರಣ.

2019ರಲ್ಲಿ ಬ್ಲೂ ನೋಟ್ ತನ್ನ ಟೋನ್ ಪೊಯೆಟ್ ಸರಣಿಯಲ್ಲಿ ಜೋ ಹಾರ್ಲಿ ಅವರ ಮೇಲ್ವಿಚಾರಣೆಯಲ್ಲಿ ಇದನ್ನು ಮರಳಿ ತಂದಿತು. ಕೆವಿನ್ ಗ್ರೇ ಮೂಲ ಅನಲಾಗ್ ಟೇಪಿನಿಂದ ಮಾಸ್ಟರಿಂಗ್ ಮಾಡಿದ, 180 ಗ್ರಾಂ ತೂಕದ ತಟ್ಟೆ ಇದು. ಸಂಗ್ರಾಹಕರ ಗ್ರಾಂ ಲೆಕ್ಕದಲ್ಲಿ ನನಗೆ ಆಸಕ್ತಿ ಕಡಿಮೆ. ಆದರೆ ಬ್ಯಾರಿಟೋನ್ ಮತ್ತು ಬಾಸ್ ಎರಡೂ ಮಂದ್ರದಲ್ಲೇ ಸಂಚರಿಸುವ ಇಂಥ ತಂಡದಲ್ಲಿ ಅವು ಒಂದರೊಳಗೊಂದು ಕಲಸಿಹೋಗದೆ ಕೇಳಿಸುವುದು ಮೇಲಿನ ವಾದವನ್ನು ಪರೀಕ್ಷಿಸಲು ಬೇಕೇಬೇಕು. ‘ಎ ನ್ಯೂ ಪರ್ಸ್‌ಪೆಕ್ಟಿವ್’ ಕುರಿತು ಬರೆಯುವವರು ಇನ್ನು ಮುಂದೆ 1961ರ ಈ ರೂಪವನ್ನು ಬದಿಗಿಟ್ಟು ಬರೆಯುವಂತಿಲ್ಲ.