ಅಗ್ರಹಾರವೂ ಹಾರುವರೂ

ನಮ್ಮ ಮೈಸೂರಿನ ಅಗ್ರಹಾರದಲ್ಲಿ ಓಡಾಡುವವರಿಗೆ ಆ ಹೆಸರಿನ ಮೂಲವನ್ನು ವಿಚಾರಿಸುವ ಕುತೂಹಲ ಒಮ್ಮೆಯಾದರೂ ಹುಟ್ಟದಿರದು. ಹಾರುವರ ಕೇರಿಯಾದುದರಿಂದ ಅಗ್ರಹಾರವಾಯಿತು ಎಂದುಬಿಡುವುದು ಸುಲಭ. ಕಿವಿಗೆ ಇದು ಒಪ್ಪುತ್ತದೆ, ಶಬ್ದಚರಿತ್ರೆಗೆ ಒಪ್ಪುವುದಿಲ್ಲ.

ಅಗ್ರಹಾರವು ಸಂಸ್ಕೃತ ಶಬ್ದ; ಅರಸರು ಬ್ರಾಹ್ಮಣರಿಗೆ ದಾನವಿತ್ತ ಭೂಮಿಗೂ ಊರಿಗೂ ಸಂದ ಹೆಸರು. ಅದರ 'ಹಾರ'ವು 'ಹೃ' ಧಾತುವಿನಿಂದ ಬಂದದ್ದು. ಹಾರುವನಾದರೋ ಹಳಗನ್ನಡದ 'ಪಾರ್ವ'. ತಮಿಳಿನ 'ಪಾರ್ಪ್ಪಾನ್' ಅವನ ದಾಯಾದಿ. ಈ ಎರಡು ಹಕಾರಗಳು ಒಂದೇ ಬೀದಿಯಲ್ಲಿ ಮನೆಮಾಡಿದ್ದರೂ ಬೇರೆ ಬೇರೆ ಗೋತ್ರದವು.

ಪಕಾರವು ಹಕಾರವಾಗುವುದು ಸುಮಾರು ಹತ್ತನೆಯ ಶತಮಾನದಿಂದ ನಮ್ಮ ಶಾಸನಗಳಲ್ಲಿ ತಲೆದೋರಿ ಕ್ರಮೇಣ ನೆಲೆಯಾಯಿತು. ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು. ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ದೊರೆತ, ಗಂಗರ ಶ್ರೀಪುರುಷನ ಕಾಲದ, ಸುಮಾರು 750ರ ಶಾಸನದಲ್ಲಿ ಆ ನಾಡಿನ ಹೆಸರು 'ಪೆರ್ಬೊಳಲ್' ಎಂದಿದೆ. ಹಿರಿಯ ಪಟ್ಟಣವೆಂದು ಅರ್ಥ.

ಇದನ್ನು ಹಳ್ಳಿಗರು ಮಾಡಿದ ಅಪಭ್ರಂಶವೆಂದು ಹಳಿಯುವವರು ಯೂರೋಪಿನ ಕಡೆ ಒಮ್ಮೆ ನೋಡಬೇಕು. ಸಂಸ್ಕೃತದ 'ಪಿತೃ' ಶಬ್ದದ ಬಂಧುವು ಲ್ಯಾಟಿನ್ನಿನಲ್ಲಿ 'ಪಾತೆರ್', ಇಂಗ್ಲಿಷಿನಲ್ಲಿ 'ಫಾದರ್', ಆರ್ಮೀನಿಯನ್ನಿನಲ್ಲಿ ನಮ್ಮಂತೆಯೇ ಹಕಾರ ತಳೆದು 'ಹಾಯ್ರ್'. ಐರಿಷಿನಲ್ಲಿ ಪಕಾರ ಪೂರ್ತಿಯಾಗಿ ಅಡಗಿ 'ಅಹಿರ್' ಎಂದು ಕೇಳಿಬರುತ್ತದೆ. ಮೀನಿಗೂ ಹಾಗೆಯೇ: ಪಿಸ್ಕಿಸ್, ಫಿಶ್, ಇಅಸ್ಕ್. ಪಕಾರವನ್ನು ಹೀಗೆ ಕಳೆದುಕೊಂಡ ಐರಿಷರು, ಕ್ರೈಸ್ತಮತದೊಡನೆ ಬಂದ ಲ್ಯಾಟಿನ್ 'ಪಾಸ್ಕ'ವನ್ನು ಕಕಾರದಿಂದ ನುಡಿದರು; ಈಸ್ಟರ್ ಹಬ್ಬಕ್ಕೆ ಅಲ್ಲಿ ಇಂದಿಗೂ 'ಕಾಶ್ಕ್' ಎಂದೇ ಹೆಸರು. ಕನ್ನಡವು ಆ ಭಾಷಾಕುಟುಂಬಕ್ಕೆ ಸೇರಿದುದಲ್ಲ. 1856ರಲ್ಲಿ ಹೊರಬಂದ ಕಾಲ್ಡ್‌ವೆಲ್ಲರ ದ್ರಾವಿಡ ವ್ಯಾಕರಣವು ಈ ಮಾತನ್ನು ಸ್ಥಿರಪಡಿಸಿತು. ಆದುದರಿಂದ ಇಲ್ಲಿ ಕಾಣುವ ಹೋಲಿಕೆ ನೆಂಟಸ್ತಿಕೆಯದಲ್ಲ. ತುಟಿಗಳು ಪೂರಾ ಮುಚ್ಚಲು ಬೇಸರಪಟ್ಟರೆ ಎಲ್ಲ ದೇಶದಲ್ಲಿಯೂ ಉಸಿರೇ ಉಳಿಯುತ್ತದೆ.

ಈಗ 'ಹಬ್ಬ'ವೆಂದೆವಷ್ಟೆ. ಅಚ್ಚಗನ್ನಡದ ಅಭಿಮಾನಿಗಳು 'ಪರ್ವ'ವನ್ನು ದೂರವಿಟ್ಟು ಈ ಮಾತನ್ನು ಅಪ್ಪಿಕೊಳ್ಳುತ್ತಾರೆ. ಆದರೆ ಹಬ್ಬವು ಆ ಪರ್ವವೇ! ಬಹು ಹಿಂದೆ 'ಪಬ್ಬ'ವಾಗಿ ಮನೆಯೊಳಗೆ ಬಂದುದರಿಂದ ಮನೆಮಕ್ಕಳ ಸಂಗಡ ತಾನೂ ಹಕಾರವನ್ನು ಪಡೆಯಿತು. ಪುಸ್ತಕವು ಹೊತ್ತಗೆಯಾದದ್ದೂ ಇದೇ ಬಗೆ. ಪಾಪ, ಪುಣ್ಯ, ಪೂಜೆಗಳಾದರೋ ಪಂಡಿತರ ಬಾಯಲ್ಲಿ ಸಂಸ್ಕೃತದ ಉಡುಪಿನಲ್ಲಿಯೇ ನಿಂತವು. ಹೀಗಿರಲು ಸ್ವಂತವಾವುದು, ಎರವಲಾವುದು ಎಂಬುದನ್ನು ಕಿವಿಯೊಂದನ್ನೇ ನೆಚ್ಚಿ ತೀರ್ಮಾನಿಸುವಂತಿಲ್ಲ.

'ಹಬ್ಬದ ದಿನ ಅಗ್ರಹಾರದ ಹಾರುವರ ಮನೆಯಲ್ಲಿ ಹಾಲುಕ್ಕಿತು' ಎಂದು ನಾವು ನುಡಿದರೆ, ಅಲ್ಲಿನ ನಾಲ್ಕು ಹಕಾರಗಳಲ್ಲಿ ಮೂರು ಹಿಂದೆ ಪಕಾರಗಳು. ಅಗ್ರಹಾರದ್ದೊಂದೇ ಮೊದಲಿನಿಂದಲೂ ಹಕಾರ.