ಕೇರಿಯ ಮತ, ಊರಿನ ಮತ

ಬಿಜಾಪುರ ಲೋಕಸಭಾ ಕ್ಷೇತ್ರ 2009ರ ಚುನಾವಣೆಯಿಂದ ಪರಿಶಿಷ್ಟ ಜಾತಿಗೆ ಮೀಸಲು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಲ್ಲವೂ ಅದರೊಳಗಿವೆ. ಗೆಲ್ಲುವವರು ದಲಿತರೇ. ಗೆಲ್ಲಿಸುವವರಲ್ಲಿ ಮಾತ್ರ ದಲಿತರು ಸುಮಾರು ಐದರಲ್ಲೊಂದು ಪಾಲು. ಕೇರಿಯ ಸಿಟ್ಟನ್ನು ಮುಚ್ಚುಮರೆಯಿಲ್ಲದೆ ಆಡಿದ ಅಭ್ಯರ್ಥಿಗೆ ಊರು ಮತ ಹಾಕೀತೇ?

ಈ ಪ್ರಶ್ನೆ 1932ರದು. ಆ ಆಗಸ್ಟ್‌ನಲ್ಲಿ ಬ್ರಿಟಿಷ್ ಸರ್ಕಾರ ಅಸ್ಪೃಶ್ಯರಿಗೆ ಪ್ರತ್ಯೇಕ ಮತಕ್ಷೇತ್ರ ಕೊಟ್ಟಿತು: ತಮ್ಮವರನ್ನು ತಾವೇ ಆರಿಸಲು ಒಂದು ಮತ, ಸಾಮಾನ್ಯ ಕ್ಷೇತ್ರದಲ್ಲಿ ಇನ್ನೊಂದು. ಯೆರವಡಾ ಜೈಲಿನಲ್ಲಿ ಗಾಂಧಿ ಉಪವಾಸ ಕೂತರು. ಸೆಪ್ಟೆಂಬರ್ 24ರ ಪುಣೆ ಒಪ್ಪಂದದಲ್ಲಿ ಪ್ರಾಂತೀಯ ಶಾಸನಸಭೆಗಳ ಮೀಸಲು ಸ್ಥಾನ 71ರಿಂದ 148ಕ್ಕೇರಿತು, ಪ್ರತ್ಯೇಕ ಮತಕ್ಷೇತ್ರ ಹೋಯಿತು. ಒಂದು ತುಣುಕು ಉಳಿಯಿತು: ಪ್ರತಿ ಸ್ಥಾನಕ್ಕೆ ನಾಲ್ವರನ್ನು ಮೊದಲು ದಲಿತ ಮತದಾರರೇ ಆರಿಸುವುದು, ಅವರಲ್ಲೊಬ್ಬರನ್ನು ಎಲ್ಲರೂ ಸೇರಿ ಗೆಲ್ಲಿಸುವುದು. ಸಂವಿಧಾನ ಜಾರಿಗೆ ಬಂದಾಗ ಅದೂ ಇಲ್ಲವಾಯಿತು.

ಅಂಬೇಡ್ಕರ್ ತಮ್ಮ ಒಂದು ಹಸ್ತಪ್ರತಿಯ ಶೀರ್ಷಿಕೆಯಲ್ಲಿ ಅಸ್ಪೃಶ್ಯರನ್ನು ಭಾರತದ ಘೆಟ್ಟೋದ ಮಕ್ಕಳೆಂದರು. ಘೆಟ್ಟೋ ಎಂದರೆ ಯುರೋಪಿನ ಯಹೂದಿಗಳ ಕೇರಿ. ಆ ಕೇರಿಯವರೂ ದ್ವೇಷಕ್ಕೆ ರಾಜಕೀಯ ಉತ್ತರ ಹುಡುಕಿದ್ದರು. 1897ರಲ್ಲೇ ಎರಡು ದಾರಿ ತೆರೆದವು. ಬಾಸೆಲ್‌ನಲ್ಲಿ ಹರ್ಟ್ಸಲ್ ಬೇರೆ ನೆಲ ಕೇಳಿದರು. ವಿಲ್ನಾದಲ್ಲಿ ಹುಟ್ಟಿದ ಕಾರ್ಮಿಕರ ‘ಬುಂಡ್’ ಇದ್ದಲ್ಲೇ ಹಕ್ಕಿಗಾಗಿ ನಿಂತಿತು. ಮೂರನೆಯದನ್ನು ನಾವು ಅಷ್ಟಾಗಿ ಓದುವುದಿಲ್ಲ. 1922ರ ಪೋಲೆಂಡಿನಲ್ಲಿ ಯಿತ್ಸಾಕ್ ಗ್ರೂನ್‌ಬಾಮ್ ಎಂಬ ಜಿಯೋನಿಸ್ಟ್ ನಾಯಕ ಯಹೂದಿ, ಜರ್ಮನ್, ಬೆಲರೂಸಿ, ಉಕ್ರೇನಿಯರನ್ನು ಒಂದೇ ಚುನಾವಣಾ ಪಟ್ಟಿಯಡಿ ತಂದರು. ಬಹುಸಂಖ್ಯಾತರ ಮರ್ಜಿ ಕಾಯದೆ ಅವರು ಸಂಸತ್ತು ಸೇರಿದರು. ಡಿಸೆಂಬರ್‌ನಲ್ಲಿ ಅವರ ಮತವೂ ಸೇರಿ ಗಾಬ್ರಿಯೆಲ್ ನಾರುತೋವಿಚ್ ರಾಷ್ಟ್ರಾಧ್ಯಕ್ಷರಾಗಿ ಆಯ್ಕೆಯಾದರು. ಅವರು ಯಹೂದಿಯಲ್ಲ, ಆದರೂ ವಿರೋಧಿಗಳು ‘ಯಹೂದಿಗಳ ಅಧ್ಯಕ್ಷ’ ಎಂದು ಕೂಗಿದರು. ಅಧಿಕಾರ ಸ್ವೀಕರಿಸಿ ಐದು ದಿನಕ್ಕೆ, ವಾರ್ಸಾದ ಚಿತ್ರಪ್ರದರ್ಶನವೊಂದರಲ್ಲಿ ಅವರನ್ನು ಗುಂಡಿಟ್ಟು ಕೊಂದವನು ಒಬ್ಬ ಚಿತ್ರಕಾರ. ಮರುವರ್ಷ ಪೋಲಿಷ್ ಪಕ್ಷಗಳು ಕೆಲವು ಸೇರಿ, ಸರ್ಕಾರಕ್ಕೆ ಪೋಲರದೇ ಬಹುಮತವಿರಬೇಕೆಂದು ಒಪ್ಪಂದ ಮಾಡಿಕೊಂಡವು. ಯಹೂದಿಗಳಿಗೆ ಸ್ವಂತ ಪ್ರತಿನಿಧಿಗಳಿದ್ದರು, ಅವರ ಮತವನ್ನು ಲೆಕ್ಕಕ್ಕೆ ಹಿಡಿಯುವವರು ಇರಲಿಲ್ಲ.

ಹೀಗಾಗಿ ಪ್ರತ್ಯೇಕ ಮತಕ್ಷೇತ್ರವೊಂದೇ ಸಾಕಾಗುತ್ತಿತ್ತು ಎನ್ನಲು ನನಗೆ ಧೈರ್ಯ ಸಾಲದು. ಪುಣೆ ಒಪ್ಪಂದದ ಆ ತುಣುಕು ಮಾತ್ರ ಮತ್ತೆ ಮತ್ತೆ ನೆನಪಾಗುತ್ತದೆ. ಅದು ಉಳಿದಿದ್ದರೆ ಟಿಕೆಟ್ ಬೇಕಾದವರು ಬೆಂಗಳೂರು, ದೆಹಲಿಯ ಬಾಗಿಲು ಬಡಿಯುವ ಮೊದಲು ಇಂಡಿ, ಸಿಂದಗಿಯ ಕೇರಿಗಳಿಗೆ ಹೋಗಿ ಕೂರಬೇಕಿತ್ತು. ಕೇರಿಯೊಳಗೂ ಎಡಗೈ, ಬಲಗೈ ಎಂಬ ಲೆಕ್ಕವಿದೆ ನಿಜ. ಅದಕ್ಕೆ ಆ ಪದ್ಧತಿಯಲ್ಲೂ ಉತ್ತರವಿರಲಿಲ್ಲ.